ವಾಲ್ಟರ್ ಟಲ್ ಬಗ್ಗೆ ಮಕ್ಕಳಿಂದ ಗೋಡೆ ಪತ್ರಿಕೆ ಬರೆಸುವುದು ಹೇಗೆ?

ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕ. ನಮ್ಮ ಶಾಲೆಯ ಗೋಡೆ ಪತ್ರಿಕೆಯಲ್ಲಿ ಪ್ರತಿ ವರ್ಷ ಒಬ್ಬ ಆಟಗಾರನ ಬದುಕು ಬರುತ್ತದೆ. ಕ್ರಿಕೆಟಿಗರೇ ತುಂಬಿರುವ ಆ ಗೋಡೆಯ ಮೇಲೆ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ವಾಲ್ಟರ್ ಟಲ್ ಹೆಸರೂ ಇರಬೇಕೆಂಬುದು ನನ್ನ ಹಟ. ಅನಾಥಾಲಯದಿಂದ ಮೈದಾನಕ್ಕೆ, ಮೈದಾನದಿಂದ ಯುದ್ಧಕ್ಕೆ ಹೋಗಿ, ಮೂವತ್ತು ತುಂಬುವ ಮೊದಲೇ ಮಡಿದವನು ಆತ. ಬೇರೆ ಶಾಲೆಯವರೂ ಈ ಕೆಲಸ ಮಾಡಿಸಲಿ ಎಂದು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಕ್ಕಳ ಕೈಯಿಂದ ಹೊಗಳಿಕೆಯ ವಾಕ್ಯ ಬರೆಸಬೇಡಿ. ಡ್ರಾಯಿಂಗ್ ಹಾಳೆಯಲ್ಲಿ ನಾಲ್ಕು ಅಂಕಣ ಎಳೆಸಿ: ವರ್ಷ, ಊರು, ನಡೆದದ್ದು, ನಮಗೆ ಗೊತ್ತಾದದ್ದು ಹೇಗೆ. ನಾಲ್ಕನೆಯ ಅಂಕಣ ಖಾಲಿ ಉಳಿದ ಸಾಲು ಗೋಡೆಗೆ ಹೋಗಬಾರದು. ಇದೊಂದು ನಿಯಮವನ್ನು ಮಾತ್ರ ನಾನು ಸಡಿಲಿಸುವುದಿಲ್ಲ.

ಬಾಲ್ಯದ ಭಾಗವನ್ನು ಹಾಸ್ಟೆಲ್‌ನಲ್ಲಿದ್ದು ಓದುವ ಮಕ್ಕಳಿಗೆ ಕೊಡಿ. ಅವರಷ್ಟು ಚೆನ್ನಾಗಿ ಬೇರೆಯವರು ಬರೆಯಲಾರರು. ಟಲ್ ಹುಟ್ಟಿದ್ದು 1888ರ ಏಪ್ರಿಲ್ 28ರಂದು, ಕಡಲ ತೀರದ ಫೋಕ್‌ಸ್ಟನ್ ಊರಿನಲ್ಲಿ. ತಂದೆ ಬಾರ್ಬಡೋಸ್ ದ್ವೀಪದಿಂದ ಬಂದ ಬಡಗಿ, ತಾಯಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದವಳು. 1895ರಲ್ಲಿ ತಾಯಿ ತೀರಿಕೊಂಡಳು, 1897ರಲ್ಲಿ ತಂದೆ. ಮಲತಾಯಿಗೆ ಎಲ್ಲರ ಹೊಟ್ಟೆ ತುಂಬಿಸುವುದು ಆಗಲಿಲ್ಲ. ವಾಲ್ಟರ್ ಮತ್ತು ಅಣ್ಣ ಎಡ್ವರ್ಡ್ ಇಬ್ಬರೂ ಲಂಡನ್ನಿನ ಬೆತ್ನಲ್ ಗ್ರೀನ್‌ನ ಅನಾಥಾಲಯ ಸೇರಿದರು. ಆಮೇಲೆ ಗ್ಲಾಸ್ಗೊದ ಕುಟುಂಬವೊಂದು ಅಣ್ಣನನ್ನು ದತ್ತು ತೆಗೆದುಕೊಂಡಿತು. ಅವನು ಮುಂದೆ ದಂತವೈದ್ಯನಾದ. ತಮ್ಮ ಅನಾಥಾಲಯದಲ್ಲೇ ಉಳಿದ. ಇಲ್ಲಿ ಮಕ್ಕಳು ಪ್ರಶ್ನೆ ಕೇಳುತ್ತಾರೆ, ಕೇಳಲಿ. ಅವಸರ ಮಾಡಬೇಡಿ.

ಆಟದ ಭಾಗಕ್ಕೆ ಅಂಕಿಗಳು ಸಲೀಸಾಗಿ ಸಿಗುತ್ತವೆ. 1909ರಲ್ಲಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಕ್ಲಬ್ ಸೇರಿದ, 1911ರಲ್ಲಿ ನಾರ್ಥಾಂಪ್ಟನ್ ಟೌನ್ ಕ್ಲಬ್. ನಾರ್ಥಾಂಪ್ಟನ್ ಪರವಾಗಿ ನೂರಕ್ಕೂ ಹೆಚ್ಚು ಪಂದ್ಯ ಆಡಿದ. ನಿಧಾನಿಸಬೇಕಾದದ್ದು 1909ರ ಬ್ರಿಸ್ಟಲ್ ಪಂದ್ಯದ ಮುಂದೆ. ಅಲ್ಲಿ ಪ್ರೇಕ್ಷಕರ ಒಂದು ಗುಂಪು ಅವನ ಬಣ್ಣ ಹಿಡಿದು ಹೀನಾಯವಾಗಿ ಬೈದಿತು. ಅಂದಿನ ಪತ್ರಿಕಾ ವರದಿಗಾರನೊಬ್ಬ ಆ ಗುಂಪನ್ನು ನೇರವಾಗಿ ಖಂಡಿಸಿ, ಟಲ್‌ನ ಸಂಯಮವನ್ನು ಮೆಚ್ಚಿ ಬರೆದ. ಬೈಗುಳವನ್ನು ಗೋಡೆಯ ಮೇಲೆ ಬರೆಸಬೇಡಿ, ವರದಿಗಾರ ಮಾಡಿದ ಕೆಲಸವನ್ನು ಬರೆಸಿ. ಇದಾದ ಮೇಲೆ ಟಲ್ ಮೀಸಲು ತಂಡಕ್ಕೆ ಸರಿದದ್ದು ನಿಜ. ಬೈಗುಳವೇ ಅದಕ್ಕೆ ಕಾರಣ ಎಂದು ಬರೆಯಲು ಮಕ್ಕಳ ಕೈ ತುಡಿಯುತ್ತದೆ, ನನಗೂ ಹಾಗೇ ಅನ್ನಿಸುತ್ತದೆ. ಆದರೂ ಎರಡೂ ಸಂಗತಿಗಳನ್ನು ಅಕ್ಕಪಕ್ಕ ಇಡಿಸಿ, ನಡುವೆ ಗೆರೆ ಎಳೆಸಬೇಡಿ.

ಯುದ್ಧದ ಭಾಗದಲ್ಲಿ ತಪ್ಪುಗಳು ನುಸುಳುವುದು ಬೆಟಾಲಿಯನ್ ಸಂಖ್ಯೆಯಿಂದ. 1914ರ ಡಿಸೆಂಬರ್‌ನಲ್ಲಿ ಟಲ್ ಸೇರಿದ್ದು ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೇ ಬೆಟಾಲಿಯನ್‌ಗೆ, ಅಂದರೆ ಮೊದಲ ‘ಫುಟ್‌ಬಾಲ್ ಬೆಟಾಲಿಯನ್’ಗೆ. 1917ರ ಮೇ ತಿಂಗಳಲ್ಲಿ ಅಧಿಕಾರಿಯಾದ ಮೇಲೆ ಹೋದದ್ದು ಅದೇ ರೆಜಿಮೆಂಟಿನ 23ನೇ ಬೆಟಾಲಿಯನ್‌ಗೆ, ಅಂದರೆ ಎರಡನೇ ‘ಫುಟ್‌ಬಾಲ್ ಬೆಟಾಲಿಯನ್’ಗೆ. 17ನೇ ಬೆಟಾಲಿಯನ್ 1918ರ ಫೆಬ್ರವರಿಯಲ್ಲೇ ವಿಸರ್ಜನೆಯಾಗಿತ್ತು. ಟಲ್ ಸತ್ತದ್ದು ಮಾರ್ಚ್ 25ರಂದು. ಆದ್ದರಿಂದ ‘17ನೇ ಬೆಟಾಲಿಯನ್‌ನಲ್ಲಿ ಹೋರಾಡುತ್ತಾ ಮಡಿದ’ ಎಂಬ ಸಾಲು ಕಂಡರೆ ಕೆಂಪು ಪೆನ್ ಹಾಕಿ. ಅಧಿಕಾರಿಯಾಗಲು ಶುದ್ಧ ಯುರೋಪಿಯನ್ ವಂಶದವರೇ ಬೇಕೆಂಬ ಷರತ್ತು ಸೈನ್ಯದಲ್ಲಿದ್ದ ಕಾಲ ಅದು. ಅಂಥ ಕಾಲದಲ್ಲಿ ಈತ ಇಟಲಿಯ ಪಿಯಾವೆ ನದಿ ದಾಟಿ, ರಾತ್ರಿ ದಾಳಿಗೆ 26 ಜನರನ್ನು ಕರೆದೊಯ್ದು ಎಲ್ಲರನ್ನೂ ಜೀವಸಹಿತ ವಾಪಸ್ ತಂದ. ಇಷ್ಟು ಬರೆದರೆ ಸಾಕು, ‘ಮೊಟ್ಟಮೊದಲ ಕಪ್ಪು ಅಧಿಕಾರಿ’ ಎಂಬ ಪಟ್ಟ ಬೇಡ. ಅವನಿಗಿಂತ ಮುಂಚೆಯೂ ಅಂಥ ಅಧಿಕಾರಿಗಳಿದ್ದರು. ಮಿಲಿಟರಿ ಕ್ರಾಸ್ ಪದಕದ ವಿಷಯವೂ ಹೀಗೆಯೇ. ಟಲ್‌ನ ಹೆಸರು ಶಿಫಾರಸಾಗಿದೆ ಎಂದು ಸಹ ಅಧಿಕಾರಿಯೊಬ್ಬ ಎಡ್ವರ್ಡ್‌ಗೆ ಪತ್ರ ಬರೆದಿದ್ದ, ಪದಕ ಬರಲಿಲ್ಲ.

ಮರಣದ ವಿವರಕ್ಕೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣ ತೆರೆಯಿರಿ. ಹುಡುಕಲು ಹಣ ಕೊಡಬೇಕಿಲ್ಲ, ಮೊಬೈಲ್‌ನಲ್ಲೇ ಆಗುತ್ತದೆ. ಕುಲನಾಮ, ರೆಜಿಮೆಂಟ್, ವರ್ಷ ಕೊಟ್ಟರೆ ದಾಖಲೆ ಬರುತ್ತದೆ. ಅದನ್ನು ಓದುವ ಬಗೆಯನ್ನು ಮಕ್ಕಳಿಗೆ ಕಲಿಸಿ. ಸಮಾಧಿ ಇದ್ದವನಿಗೆ ಪ್ಲಾಟ್, ಸಾಲು, ಸಮಾಧಿ ಸಂಖ್ಯೆ ಇರುತ್ತದೆ. ಟಲ್‌ನ ಹೆಸರಿನ ಮುಂದೆ ಇರುವುದು ‘ಅರಾಸ್ ಸ್ಮಾರಕ, ಬೇ 7’. ಅರಾಸ್ ಫ್ರಾನ್ಸಿನ ಊರು, ಬೇ ಎಂದರೆ ಸ್ಮಾರಕದ ಗೋಡೆಯ ಒಂದು ಭಾಗ. ಹಾಗೆಂದರೆ ಶವ ಸಿಕ್ಕಿಲ್ಲ, ಗೋಡೆಯ ಮೇಲೆ ಹೆಸರು ಮಾತ್ರ ಕೆತ್ತಲಾಗಿದೆ. ಆ ಗೋಡೆಯ ಮೇಲೆ ಸುಮಾರು 35 ಸಾವಿರ ಹೆಸರುಗಳಿವೆ. ಲೆಸ್ಟರ್ ತಂಡದ ಗೋಲ್‌ಕೀಪರ್ ಆಗಿದ್ದ ಟಾಮ್ ಬಿಲ್ಲಿಂಗ್‌ಹ್ಯಾಮ್ ಎಂಬ ಸೈನಿಕ ಗುಂಡಿನ ಮಳೆಯಲ್ಲೂ ಟಲ್‌ನನ್ನು ಹೊತ್ತು ತರಲು ನೋಡಿದ, ಆಗಲಿಲ್ಲ. ನಮ್ಮ ಹಳ್ಳಿಗಳ ವೀರಗಲ್ಲು ಕಂಡ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಬೇರೆ ಆಟಗಾರ ಸೈನಿಕರನ್ನು ಹುಡುಕುವವರು ಒಂದು ವಿಷಯ ತಿಳಿದಿರಬೇಕು. ಮೊದಲ ಮಹಾಯುದ್ಧದ ಸಾಮಾನ್ಯ ಸೈನಿಕರ ಸೇವಾ ಕಡತಗಳಲ್ಲಿ ಬಹುಪಾಲು 1940ರ ಸೆಪ್ಟೆಂಬರ್‌ನಲ್ಲಿ ಲಂಡನ್ ಮೇಲೆ ಬಿದ್ದ ಬಾಂಬಿಗೆ ಸುಟ್ಟುಹೋದವು. ಕಡತ ಸಿಗದಿದ್ದರೆ ಪದಕದ ಕಾರ್ಡು, ಬೆಟಾಲಿಯನ್ನಿನ ಯುದ್ಧ ದಿನಚರಿ ನೋಡಿ. ಎರಡೂ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಟಲ್ ಮುಗಿದ ಮರುವಾರ ಅದೇ ನಾಲ್ಕು ಅಂಕಣದ ಹಾಳೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ಸವಾರರನ್ನು ಬರೆಸಿ. 1918ರ ಸೆಪ್ಟೆಂಬರ್ 23ರಂದು ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣ ಗೆದ್ದವರಲ್ಲಿ ಅವರೂ ಇದ್ದರು. ಆಯೋಗದ ಜಾಲತಾಣದಲ್ಲಿ ಭಾರತೀಯ ಸೈನಿಕರ ಹೆಸರುಗಳೂ ಇವೆ. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಹೆಸರುಗಳ ಕಾಗುಣಿತ ಒಂದೇ ಬಗೆಯಾಗಿರುವುದಿಲ್ಲ. ಒಂದು ಬಗೆಯಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿಸಿ.