ಸೇನೆಗೆ ಸೇರೋ ಆಸೆ ಇದ್ರೆ ಡ್ರೋನ್ ಕಲಿಕೆ ಹೀಗೆ ಶುರು ಮಾಡಿ

ಉಕ್ರೇನ್ ಯುದ್ಧದ ವಿಡಿಯೋ ನೋಡಿ, 2025ರ ಮೇ ತಿಂಗಳ ಆಪರೇಷನ್ ಸಿಂಧೂರದ ಸುದ್ದಿ ಓದಿ, ‘ನಾನೂ ಡ್ರೋನ್ ಕಲಿತು ಸೇನೆಗೆ ಹೋಗ್ತೀನಿ’ ಅನ್ನುವವರು ಬೆಂಗಳೂರಲ್ಲಿ ಈಗ ಜಾಸ್ತಿ. ಒಳ್ಳೇದೇ. ನಮ್ಮ ಸೇನೆಯೂ ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ ‘ಅಶ್ನಿ’ ಹೆಸರಿನ ಡ್ರೋನ್ ಪ್ಲಟೂನ್ ಕಟ್ಟುತ್ತಿದೆ. ಆದರೆ ಇವರಲ್ಲಿ ಮುಕ್ಕಾಲು ಜನ ಮೊದಲು ಮಾಡುವ ಕೆಲಸ ಅಂದ್ರೆ ಮದುವೆ ಶೂಟಿಂಗ್‌ಗೆ ಬಳಸುವಂಥ ಕ್ಯಾಮೆರಾ ಡ್ರೋನ್ ಕೊಳ್ಳೋದು.

ಅದು ಬೇಡ. ರಿಮೋಟಿನ ಸ್ಟಿಕ್ ಬಿಟ್ಟರೂ ಜಿಪಿಎಸ್ ನೆರವಿನಿಂದ ಅದು ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ. ಆಟೋಮ್ಯಾಟಿಕ್ ಕಾರಲ್ಲಿ ಲೈಸೆನ್ಸ್ ತಗೊಂಡು ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸ್ತೀನಿ ಅಂದಂಗಾಯ್ತು. ಯುದ್ಧದಲ್ಲಿ ಜಾಮರ್ (ಸಿಗ್ನಲ್ ಕೆಡಿಸುವ ಯಂತ್ರ) ಹಾಕಿ ಮೊದಲು ಕೆಡಿಸುವುದೇ ಜಿಪಿಎಸ್ ಮತ್ತು ರೇಡಿಯೋ ಸಿಗ್ನಲ್. ಹಾಗಾಗಿ ಎಲ್ಲ ಕೈಕೊಟ್ಟಾಗ ಏನು ಮಾಡಬೇಕು ಅನ್ನೋದನ್ನೇ ಮೊದಲ ದಿನದಿಂದ ಕಲಿಯಿರಿ.

ಮೊದಲು ಒಂದು ಒಳ್ಳೆ ರೇಡಿಯೋ ರಿಮೋಟ್ ಮಾತ್ರ ಕೊಳ್ಳಿ. ಅದನ್ನ ಯುಎಸ್‌ಬಿ ವಯರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ವೆಲೊಸಿಡ್ರೋನ್ ಅಥವಾ ಲಿಫ್ಟ್‌ಆಫ್ ಸಿಮ್ಯುಲೇಟರಿನಲ್ಲಿ ಆಕ್ರೋ ಮೋಡ್‌ನಲ್ಲೇ, ಅಂದ್ರೆ ಡ್ರೋನ್ ತಾನಾಗಿ ಸಮತೋಲನಕ್ಕೆ ಬರದೆ ಎಲ್ಲ ನಿಮ್ಮ ಕೈಯಲ್ಲೇ ಇರುವ ಮೋಡ್‌ನಲ್ಲಿ, ಹಾರಿಸಿ. ತಲೆ ಕೆಡುತ್ತದೆ, ಡ್ರೋನ್ ನೆಲಕ್ಕೆ ಬಡಿಯುತ್ತಲೇ ಇರುತ್ತದೆ, ಆದರೂ ಸುಲಭ ಅಂತ, ಸ್ಟಿಕ್ ಬಿಟ್ಟರೆ ಡ್ರೋನ್ ತಾನೇ ಸಮವಾಗುವ ಆಂಗಲ್ ಮೋಡಿಗೆ ಹೋಗಬೇಡಿ.

ಕೈ ಕುದುರಿದ ಮೇಲೆ ಮನೆಯೊಳಗೇ ಹಾರಿಸಬಹುದಾದ ಟೈನಿ ವೂಪ್ ಅನ್ನೋ ಪುಟ್ಟ ಡ್ರೋನ್ ತಗೊಳ್ಳಿ. ಸೀಲಿಂಗ್ ಫ್ಯಾನ್ ಆಫ್ ಮಾಡಿ, ಮರೀಬೇಡಿ. 250 ಗ್ರಾಂ ಒಳಗಿನವು ನ್ಯಾನೋ ಡ್ರೋನ್. 2021ರ ಡ್ರೋನ್ ನಿಯಮದ ಪ್ರಕಾರ ಇದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ. ಹಾಗಂತ ಎಲ್ಲಿ ಬೇಕಾದ್ರೂ ಹಾರಿಸೋಹಾಗಿಲ್ಲ. ಯಲಹಂಕ, ಜಾಲಹಳ್ಳಿ, ಎಚ್‌ಎಎಲ್, ಜಕ್ಕೂರು ಅಂತ ಈ ಊರಿನ ತುಂಬ ವಾಯುಪಡೆಯ ನೆಲೆ, ವಿಮಾನ ನಿಲ್ದಾಣಗಳೇ. ಟೆರೇಸಿಂದ ಸುಮ್ನೆ ಒಂದು ರೌಂಡ್ ಅನ್ನೋ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟಿನ ನಕ್ಷೆಯಲ್ಲಿ ನಿಮ್ಮ ಏರಿಯಾ ಯಾವ ಬಣ್ಣದಲ್ಲಿದೆ ನೋಡಿ. ಕೆಂಪಿದ್ದರೆ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ.

ಆಮೇಲೆ ಸ್ವಂತ ಡ್ರೋನ್ ಕಟ್ಟಿ. ಸೋಲ್ಡರಿಂಗ್ ಸಾಮಾನಿಗೆ ಎಸ್‌ಪಿ ರೋಡ್ ಸಾಕು. ಬ್ಯಾಟರಿಯ ದಪ್ಪ ವಯರನ್ನ ಬೆಸೆಯುವಾಗ ಬೋರ್ಡಿನ ಪ್ಯಾಡ್ (ವಯರ್ ಕೂರುವ ಲೋಹದ ಜಾಗ) ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ, ಚೂಪು ಮೊನೆಯ ಸಣ್ಣ ಐರನ್ ಸಾಲದು, ಅಗಲ ಮೊನೆಯದು ಬೇಕು. ಬೆಸುಗೆ ಹೊಳೆಯದೆ ಮಂಕಾಗಿ ಉಂಡೆಗಟ್ಟಿದ್ದರೆ ಕಿತ್ತು ಮತ್ತೆ ಮಾಡಿ, ಹಾರುವಾಗ ಬಿಟ್ಟುಕೊಂಡರೆ ಕಥೆ ಮುಗೀತು. ನಂತರ ಪ್ರೊಪೆಲರ್ ಬಿಚ್ಚಿಟ್ಟು ಮೋಟಾರ್ ಓಡಿಸಿ, ತಟ್ಟನೆ ರಿಮೋಟ್ ಆಫ್ ಮಾಡಿ. ಸ್ವಲ್ಪ ಹೊತ್ತಿನಲ್ಲೇ ಮೋಟಾರ್ ತಾನಾಗಿ ನಿಲ್ಲಬೇಕು. ಇದೇ ಫೇಲ್‌ಸೇಫ್. ಇದು ಪಾಸಾಗದ ಡ್ರೋನ್ ಮನೆಯಿಂದ ಹೊರಗೆ ಹೋಗಬಾರದು.

ಸಿಗ್ನಲ್ ಹೇಗೆ ಸಾಯುತ್ತದೆ ಅನ್ನೋದನ್ನೂ ಕಣ್ಣಾರೆ ನೋಡಿ. ಪ್ರೊಪೆಲರ್ ಇಲ್ಲದ ಡ್ರೋನ್ ಟೇಬಲ್ ಮೇಲಿಟ್ಟು, ರಿಮೋಟ್ ಹಿಡಿದು ಅಪಾರ್ಟ್‌ಮೆಂಟಿನ ಲಿಫ್ಟ್ ಹಿಂದೆ, ಬೇಸ್‌ಮೆಂಟಿಗೆ ಎಲ್ಲ ನಡೆಯಿರಿ. ಕಾಂಕ್ರೀಟ್ ಗೋಡೆ ಅಡ್ಡ ಬಂದಾಗ ರಿಮೋಟ್ ಪರದೆಯ ಮೇಲಿನ ಲಿಂಕ್ ಕ್ವಾಲಿಟಿ (ಸಿಗ್ನಲ್ ಎಷ್ಟು ಚೆನ್ನಾಗಿದೆ ಅನ್ನುವ) ಅಂಕಿ ಹೇಗೆ ಇಳಿಯುತ್ತದೆ ಗಮನಿಸಿ. ಉಕ್ರೇನಿನಲ್ಲಿ ಎರಡೂ ಕಡೆಯವರು ಸಿಗ್ನಲ್ ಸಾಯುವ ಈ ಕಾಟಕ್ಕೇ ರೇಡಿಯೋ ಬದಲು ಕಿಲೋಮೀಟರುಗಟ್ಟಲೆ ಉದ್ದದ ಫೈಬರ್ ಎಳೆ ಬಿಚ್ಚಿಕೊಂಡು ಹೋಗುವ ಡ್ರೋನ್ ತಂದರು. ಅದಕ್ಕೆ ಜಾಮರ್ ನಾಟುವುದಿಲ್ಲ, ಆದರೆ ಎಳೆ ಮರಕ್ಕೆ ಸಿಕ್ಕಿಕೊಂಡು ತುಂಡಾಗುತ್ತದೆ.

ಇಷ್ಟರಲ್ಲೇ ಮುಳುಗಿ ದಿನದ ಓಟದ ಅಭ್ಯಾಸ ಬಿಡಬೇಡಿ. ಇಂಜಿನಿಯರಿಂಗ್ ಓದಿದವರಿಗೆ ಸೇನೆಯಲ್ಲಿ ಅಧಿಕಾರಿಯಾಗಲು ಶಾರ್ಟ್ ಸರ್ವಿಸ್ ಟೆಕ್ನಿಕಲ್ ಎಂಟ್ರಿ ಇದೆ. ಲಿಖಿತ ಪರೀಕ್ಷೆ ಇಲ್ಲ, ಶಾರ್ಟ್‌ಲಿಸ್ಟ್ ಆದರೆ ನೇರ ಎಸ್‌ಎಸ್‌ಬಿ (ಅಧಿಕಾರಿಗಳನ್ನು ಆರಿಸುವ ಸಂದರ್ಶನ), ಅದರ ಕೇಂದ್ರವೊಂದು ಬೆಂಗಳೂರಲ್ಲೇ ಇದೆ. ಅಲ್ಲಿ ಗುಂಪಿನ ಜೊತೆ ಹೇಗೆ ಕೆಲಸ ಮಾಡ್ತೀರಿ ಅಂತ ನೋಡುತ್ತಾರೆಯೇ ಹೊರತು ನಿಮ್ಮ ಡ್ರೋನಿನ ಫ್ಲಿಪ್ಪು, ರೋಲು ಯಾರಿಗೂ ಬೇಡ. ಇನ್ನೂ ಡಿಗ್ರಿ ಓದುತ್ತಿದ್ದರೆ ಕಾಲೇಜಿನ ಎನ್‌ಸಿಸಿಗೆ ಈಗಲೇ ಹೆಸರು ಕೊಡಿ. ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟ್ ಇದ್ದವರಿಗೆ ಪ್ರತ್ಯೇಕ ಎಂಟ್ರಿಯೂ ಇದೆ.