ಚಾರ್ಜ್‌ನಲ್ಲಿ ತಪ್ಪಿದೆಯಾ? ಸುಮ್ಮನೆ ಕೂರಬೇಡಿ

ಕೋಲಾರದ ಕೋರ್ಟ್ ಆವರಣದಲ್ಲಿ ಈ ಸಲಹೆ ಪುಕ್ಕಟೆ ಸಿಗುತ್ತದೆ: ‘ಚಾರ್ಜ್‌ನಲ್ಲಿ ತಾರೀಕೇ ತಪ್ಪು ಬಿದ್ದಿದೆ. ಸುಮ್ನಿರಿ, ಕೇಸು ತಾನೇ ಬಿದ್ದುಹೋಗುತ್ತೆ.’ ಬೀಳುವುದಿಲ್ಲ.

ಮೊದಲು ಕೈಯಲ್ಲಿರುವ ಕಾಗದ ಯಾವುದು ನೋಡಿಕೊಳ್ಳಿ. ಪೊಲೀಸರು ಹಾಕುವುದು ಚಾರ್ಜ್‌ಶೀಟ್. ಕೋರ್ಟ್ ತಾನೇ ಬರೆದು ಆರೋಪಿಗೆ ಓದಿ ಹೇಳುವುದು ಚಾರ್ಜ್, ಅಂದರೆ ದೋಷಾರೋಪ. ನಮಗೆ ಬೇಕಾದದ್ದು ಎರಡನೆಯದು. ಅದರ ದೃಢೀಕೃತ ನಕಲು ತೆಗೆಸಿ ತಾರೀಕು, ಜಾಗ, ಹೆಸರು, ಸೆಕ್ಷನ್ ಬೆರಳಿಟ್ಟು ಓದಿ. ಮೊಬೈಲಲ್ಲಿ ಹೊಡೆದ ಮಸುಕು ಫೋಟೊ ನಂಬಬೇಡಿ.

ತಪ್ಪು ಸಿಕ್ಕಿತು ಅನ್ನಿ. ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕ್ರಿಮಿನಲ್ ವಿಚಾರಣೆಯ ಕಾನೂನು) ಸೆಕ್ಷನ್ 238ರ ಪ್ರಕಾರ ಕೋರ್ಟ್ ನೋಡುವುದು ಇಷ್ಟೇ: ಆರೋಪಿ ಇದರಿಂದ ದಾರಿ ತಪ್ಪಿದನೇ, ನ್ಯಾಯ ಕೆಟ್ಟಿತೇ? ಎಪಿಎಂಸಿ ಯಾರ್ಡ್‌ನಲ್ಲಿ 21ರಂದು ಬೈಕ್ ಕಳವಾಗಿದೆ, ಚಾರ್ಜ್‌ನಲ್ಲಿ 12 ಅಂತಿದೆ ಎಂದುಕೊಳ್ಳಿ. ಸಾಕ್ಷಿಗಳು, ಪಾಟಿ ಸವಾಲು ಎಲ್ಲ 21ರ ಬಗ್ಗೆಯೇ ಇದ್ದರೆ ಆ ತಪ್ಪಿಗೆ ಬೆಲೆ ಇಲ್ಲ. ಆದರೆ 12ನ್ನೇ ನಂಬಿ, ಆ ದಿನ ತಿರುಪತಿಯಲ್ಲಿದ್ದೆ ಎನ್ನಲು ಆರೋಪಿ ಸಾಕ್ಷಿ ಕರೆಸಿದ್ದರೆ ಮಾತು ಬೇರೆ.

ತೀರ್ಪು ಹೇಳುವವರೆಗೆ ಕೋರ್ಟ್ ಚಾರ್ಜ್ ತಿದ್ದಬಹುದು, ಹೊಸದು ಸೇರಿಸಬಹುದು (ಸೆಕ್ಷನ್ 239). ವಾದ ಮುಗಿದು ತೀರ್ಪು ಕಾಯ್ದಿರಿಸಿದ್ದರೂ ಸರಿ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಇದು ಕೋರ್ಟಿನ ಅಧಿಕಾರ, ಯಾರೂ ಹಕ್ಕಾಗಿ ಕೇಳುವಂತಿಲ್ಲ ಎಂದೂ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ವಕೀಲರಿಂದ ತಪ್ಪನ್ನು ಗಮನಕ್ಕೆ ತನ್ನಿ. ಬರವಣಿಗೆಯಲ್ಲೇ ಕೊಡಿ, ಬಾಯಿಮಾತು ಬೇಡ. ಟೈಪಿಂಗ್ ಅಂಗಡಿಯ ರೆಡಿಮೇಡ್ ಮೆಮೋದಲ್ಲಿ ಯಾರದೋ ಕೇಸಿನ ಹೆಸರು ಉಳಿದಿರುತ್ತದೆ, ಹುಷಾರು.

ಜನ ಎಡವುವುದು ತಿದ್ದಿದ ಮೇಲೆ. ಬದಲಾದ ಚಾರ್ಜನ್ನು ಆರೋಪಿಗೆ ಓದಿ ವಿವರಿಸಲೇಬೇಕು. ಆ ಹೊತ್ತಲ್ಲಿ ತಲೆಯಾಡಿಸಿ ಬಂದುಬಿಡಬೇಡಿ. ಕಳ್ಳತನ ಇದ್ದದ್ದು ಸುಲಿಗೆ ಆಯಿತು ಅನ್ನಿ. ಮೂರು ವರ್ಷದವರೆಗಿನ ಶಿಕ್ಷೆ ಹತ್ತು ವರ್ಷದವರೆಗೆ ಹೋಗುತ್ತದೆ. ಮೊದಲು ಬೈಕ್ ಮಾಲೀಕನಿಗೆ ನಂಬರ್ ಪ್ಲೇಟ್, ಆರ್‌ಸಿ ಬಗ್ಗೆ ಮಾತ್ರ ಕೇಳಿದ್ದಿರಿ. ಚಾಕು ತೋರಿಸಿದರಾ, ಯಾವ ಕೈಯಲ್ಲಿತ್ತು, ಪೊಲೀಸರಿಗೆ ಕೊಟ್ಟ ಮೊದಲ ಹೇಳಿಕೆಯಲ್ಲಿ ಅದು ಯಾಕಿಲ್ಲ ಎಂದು ಆಗ ಕೇಳುವ ಅಗತ್ಯವೇ ಇರಲಿಲ್ಲ. ಈಗ ಇದೆ. ಸೆಕ್ಷನ್ 240ರಲ್ಲಿ ಅದೇ ಸಾಕ್ಷಿಯನ್ನು ಮತ್ತೆ ಕರೆಸಲು ಅವಕಾಶವಿದೆ, ಸರ್ಕಾರಿ ವಕೀಲರಿಗೂ ಇದೆ. ‘ಎಲ್ಲ ಸಾಕ್ಷಿಗಳನ್ನೂ ಕರೆಸಿ’ ಎಂದು ಬರೆಯಬೇಡಿ. ಕಾಲಹರಣಕ್ಕೋ ಕಿರುಕುಳಕ್ಕೋ ಎನಿಸಿದರೆ ಕೋರ್ಟ್ ಕಾರಣ ಬರೆದು ನಿರಾಕರಿಸಬಹುದು. ಯಾರು, ಯಾವ ವಿಷಯಕ್ಕೆ ಎಂದು ಹೆಸರು ಹಿಡಿದು ಬರೆಯಿರಿ. ತಯಾರಿಗೆ ಸಮಯ ಬೇಕಿದ್ದರೆ ಅಂದೇ ಕೇಳಿ. ಆರೋಪಿಗೆ ತೊಂದರೆಯಾಗುವಂತಿದ್ದರೆ ಕೋರ್ಟ್ ವಿಚಾರಣೆ ಮುಂದೂಡಬಹುದು, ಹೊಸದಾಗಿಯೂ ಶುರು ಮಾಡಬಹುದು.

ಅಪೀಲಿಗೆ ಎಂದು ತಪ್ಪನ್ನು ಬಚ್ಚಿಟ್ಟುಕೊಳ್ಳುವವರೂ ಇದ್ದಾರೆ. ನಿಜಕ್ಕೂ ಅನ್ಯಾಯವಾಗಿದೆ ಎಂದು ತೋರಿಸದಿದ್ದರೆ ತೀರ್ಪು ಉಳಿಯುತ್ತದೆ (ಸೆಕ್ಷನ್ 510). ಮೊದಲೇ ಯಾಕೆ ಹೇಳಲಿಲ್ಲ ಎಂಬುದನ್ನೂ ಮೇಲಿನ ಕೋರ್ಟ್ ನೋಡುತ್ತದೆ (ಸೆಕ್ಷನ್ 511).

2024ರ ಜುಲೈ 1ಕ್ಕೆ ಮೊದಲೇ ವಿಚಾರಣೆ ಶುರುವಾಗಿದ್ದ ಕೇಸಿಗೆ ಹಳೆಯ ಸಿಆರ್‌ಪಿಸಿಯೇ ಅನ್ವಯ. ಅದರಲ್ಲಿ ಇವೇ ಸೆಕ್ಷನ್‌ಗಳ ನಂಬರ್ ಹೀಗಿದೆ: 215, 216, 217, ಅಪೀಲಿಗೆ 464 ಮತ್ತು 465.