ಸ್ವೇ ಬಾರ್ ಬಿಚ್ಚಲು ಪಿನ್: ಮನೆಯಲ್ಲೇ ಮಾಡಿಕೊಳ್ಳಿ

ಕಲ್ಲುಮುಳ್ಳಿನ ದಾರಿಯಲ್ಲಿ ಮುಂದಿನ ಒಂದು ಚಕ್ರ ಗುಂಡಿಗೆ ಇಳಿಯುತ್ತದೆ, ಇನ್ನೊಂದು ನೆಲ ಬಿಟ್ಟು ಸುಮ್ನೆ ತಿರುಗುತ್ತದೆ. ಎರಡೂ ಬದಿಯ ಸಸ್ಪೆನ್ಷನ್‌ಗೆ ಗಂಟು ಹಾಕಿರುವ ಉಕ್ಕಿನ ಸರಳು, ಅಂದರೆ ಸ್ವೇ ಬಾರ್, ಇದಕ್ಕೊಂದು ಕಾರಣ. ಆದರೆ ಡಾಂಬರು ರಸ್ತೆಯ ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವುದೂ ಅದೇ. ಅದಕ್ಕೇ ಪೂರ್ತಿ ಕಿತ್ತುಹಾಕಬಾರದು, ಬೇಕಾದಾಗ ಬಿಚ್ಚುವಂತಿರಬೇಕು. ಅದನ್ನು ಹಿಡಿದಿರುವ ಬೋಲ್ಟಿನ ಜಾಗಕ್ಕೆ ಎಳೆದು ತೆಗೆಯುವಂಥ ಪಿನ್ ಹಾಕುವುದೇ ಉಪಾಯ.

ಮೊದಲು ಗಾಡಿಯ ಕೆಳಗೆ ಇಣುಕಿ. ಸ್ವೇ ಬಾರಿನಿಂದ ಇಳಿದು ಬರುವ ಜೋಡಣೆ ಕಡ್ಡಿ, ಅಂದರೆ ಎಂಡ್ ಲಿಂಕ್, ಆಕ್ಸಲ್ ಮೇಲಿನ ಬ್ರಾಕೆಟ್ಟಿನ ಎರಡು ಗೋಡೆಗಳ ನಡುವೆ ಕೂತಿದೆಯೇ? ಹಾಗಿದ್ದರೆ ಮಾತ್ರ ಈ ಉಪಾಯ. ಒಂದೇ ಬದಿಯ ಆಸರೆಯಿದ್ದರೆ ಬೇಡ, ಪಿನ್ ಬಾಗುತ್ತದೆ.

ಹಳೆಯ ಬೋಲ್ಟ್ ತೆಗೆದು ಅದರ ದಪ್ಪ ಅಳೆಯಿರಿ. ಅಷ್ಟೇ ದಪ್ಪದ, ತಲೆಯ ಮೇಲೆ 8.8 ಎಂದು (ಅದು ಗಟ್ಟಿತನದ ದರ್ಜೆ) ಇರುವ ಉದ್ದನೆಯ ಬೋಲ್ಟ್ ಎರಡು ತನ್ನಿ. ತಿರುಪಿನ ಗೆರೆ (ಥ್ರೆಡ್) ಇಲ್ಲದ ನುಣುಪು ಭಾಗ ಬ್ರಾಕೆಟ್ ದಾಟಿ ಒಂದೂವರೆ ಸೆಂಟಿಮೀಟರಾದರೂ ಹೊರಬರಬೇಕು. ಅಗ್ಗದ ಮೆದು ಕಬ್ಬಿಣದ ಸರಳು ಮಾತ್ರ ಬೇಡ.

ಬೋಲ್ಟನ್ನು ಬ್ರಾಕೆಟ್ಟಿಗೆ ತೂರಿಸಿ, ಒಂದು ವಾಷರ್ ಹಾಕಿ, ಅದರಾಚೆಗೆ ಗುರುತು ಮಾಡಿ. ಈಗ ತಾಳ್ಮೆಯ ಕೆಲಸ. ದುಂಡು ಉಕ್ಕಿನ ಮೇಲೆ ಡ್ರಿಲ್ ಬಿಟ್ ಜಾರುತ್ತದೆ. ಅದಕ್ಕೆ ಅರದಿಂದ ಅಲ್ಲಿ ಚೂರು ಚಪ್ಪಟೆ ಮಾಡಿ, ಪಂಚಿನಿಂದ ಒಂದು ಚುಕ್ಕೆ ಹೊಡೆಯಿರಿ. ವೈಸಿನಲ್ಲಿ ಬಿಗಿದು, ಎಣ್ಣೆ ಬಿಡುತ್ತಾ, ನಿಧಾನ ವೇಗದಲ್ಲಿ 2 ಮಿ.ಮೀ. ತೂತು ಕೊರೆದು ಆಮೇಲೆ 4ಕ್ಕೆ ಹಿಗ್ಗಿಸಿ. ಕನ್ನಡಕ ಮರೆಯಬೇಡಿ. ಉಳಿದ ಥ್ರೆಡ್ ಭಾಗ ಕತ್ತರಿಸಿ, ತುದಿಯನ್ನು ಸ್ವಲ್ಪ ಚೂಪು ಮಾಡಿದರೆ ಕೆಸರಲ್ಲೂ ಸಲೀಸಾಗಿ ತೂರುತ್ತದೆ. ಗ್ರೀಸ್ ಸವರಿ ಹಾಕಿ, ತೂತಿಗೆ ಆರ್ ಕ್ಲಿಪ್ (ಇಂಗ್ಲಿಷಿನ R ಆಕಾರದ ತಂತಿ ಕ್ಲಿಪ್) ಸಿಕ್ಕಿಸಿ. ಅಷ್ಟೇ.

ಕಾಡುದಾರಿಗೆ ಇಳಿಯುವ ಮುಂಚೆ ಎರಡೂ ಬದಿ ಬಿಚ್ಚಿ. ಬಾರನ್ನು ಮೇಲಕ್ಕೆತ್ತಿ ಚಾಸಿಗೆ ಗಟ್ಟಿ ಪಟ್ಟಿಯಿಂದ ಕಟ್ಟಿ. ಟೈರು, ಸ್ಟೀರಿಂಗ್ ರಾಡು, ಬ್ರೇಕ್ ಹೋಸ್ ಯಾವುದಕ್ಕೂ ತಾಗಬಾರದು. ಈಗ ಚಕ್ರ ಜಾಸ್ತಿ ಕೆಳಗಿಳಿಯುತ್ತದಲ್ವಾ, ಬ್ರೇಕ್ ಹೋಸ್ ಎಳೆದು ಹಿಡಿದಂತಾಗುತ್ತಿದೆಯೇ ಎಂದು ಮನೆಯಲ್ಲೇ ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು ನೋಡಿಬಿಡಿ.

ಮತ್ತೆ ಜೋಡಿಸುವಾಗ ಸಮತಟ್ಟು ಜಾಗ ಹುಡುಕಿ. ತೂತುಗಳು ಸರಿಹೊಂದದಿದ್ದರೆ ಸುತ್ತಿಗೆ ತೆಗೆಯಬೇಡಿ, ಒಬ್ಬರು ಬಂಪರ್ ಮೇಲೆ ನಿಂತು ಕುಲುಕಿದರೆ ಸಾಕು.

ಪಿನ್ ಸ್ವಲ್ಪ ಟಕಟಕ ಅನ್ನುತ್ತದೆ, ಬೋಲ್ಟಿನ ಬಿಗಿ ಇದಕ್ಕಿಲ್ಲ. ಪಿನ್ನೂ ತೂತೂ ಸವೆದಿವೆಯೇ ಎಂದು ಆಗಾಗ ನೋಡಿ. ದೂರದ ಹೆದ್ದಾರಿ ಪಯಣವಿದ್ದರೆ ನಾನಂತೂ ಹಳೆಯ ನಟ್ಟು-ಬೋಲ್ಟನ್ನೇ ಮತ್ತೆ ಬಿಗಿಯುತ್ತೇನೆ. ಅದಕ್ಕೇ ಅವನ್ನು ಎಸೆಯದೆ ಟೂಲ್ ಡಬ್ಬಿಯಲ್ಲಿಡಿ.